ಊದುಬತ್ತಿಗೆ ಹೆದರಿದ ಮೀನು

ಸೆಪ್ಟೆಂಬರ್ 8, ಸೋಮವಾರ

ಬೆಳಿಗ್ಗೆ ಗುಬ್ಬಿ ಕಾಲೇಜು. ಎರಡು ಕ್ಲಾಸು, ಎರಡರಲ್ಲೂ ಕಪ್ಪೆಯ ಹೃದಯ. ಮಧ್ಯಾಹ್ನದ ಬಸ್ಸಿಗೆ ತುಮಕೂರು, ಲ್ಯಾಬು. ತೊಟ್ಟಿಗಳ ನೀರು ಬದಲಿಸಿದೆ. ತಳದ ಲೋಳೆ ಎಳೆಯೋಕೆ ಪೈಪಿಗೆ ಬಾಯಿ ಕೊಟ್ಟರೆ ಲೋಳೆ ನೇರ ಬಾಯಿಗೇ ಬಂತು. ಮತ್ತೆ. ಉಗಿದೆ, ಮುಕ್ಕಳಿಸಿದೆ, ಮತ್ತೆ ಉಗಿದೆ. ತಲೆತಲಾಂತರದಿಂದ ಮೊಟ್ಟೆ ಮುಟ್ಟದ ಮನೆತನ ನಮ್ಮದು. ಮೀನಿನ ರುಚಿ ಗೊತ್ತಿಲ್ಲ. ಮೀನಿನ ಹೇಲಿನ ರುಚಿ ಚೆನ್ನಾಗಿ ಗೊತ್ತು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ.

"ಮೊದ್ಲು ಬಚ್ಚಲು. ಆಮೇಲೆ ಅಡುಗೆಮನೆ."

"ಕೈ ತೊಳ್ಕೊಂಡೇ ಬಂದಿದೀನಿ ಅತ್ತೆ."

"ಕೈ ತೊಳೆದ್ರೆ ಸೀರೆ ವಾಸ್ನೆ ಹೋಗ್ತದಾ?"

ನ್ಯಾಯವೇ. ಹೋದೆ.

ವಯಸ್ಸು ನಲವತ್ತಾರು,
ಮೈಯೆಲ್ಲ ಮೀನಿನ ನೀರು.

ಪ್ರಾಸ ಕೂತರೆ ಹೊಟ್ಟೆ ತೊಳಸೋದು ಸ್ವಲ್ಪ ನಿಲ್ಲುತ್ತೆ. ಬೇರೆ ಮಾತ್ರೆ ಯಾವುದೂ ನನಗೆ ಒಗ್ಗಿಲ್ಲ.

ಸೆಪ್ಟೆಂಬರ್ 11, ಗುರುವಾರ

ಇವರು ಕುಣಿಗಲ್ ಬ್ಯಾಂಕಿಂದ ಬಂದು ಕಾಫಿ ಹೀರ್ತಾ ಕೇಳಿದರು. "ಲೇ ಗಂಗಾ, ನಮ್ ಮ್ಯಾನೇಜರು ನಿನ್ ಹೆಂಡ್ತಿ ಪಿಎಚ್‌ಡಿ ಯಾವುದರ ಮೇಲೆ ಅಂತ ಕೇಳ್ದ. ಮೀನಿನ ಮೇಲೆ ಅಂದೆ. ಸಾರು ಮಾಡೋದಾ ಅಂದ. ಒಂದ್ಸಲ ಸರಿಯಾಗಿ ಹೇಳ್ಬುಡು."

ಹೇಳಿದೆ. ಮೀನಿನ ಮೆದುಳಲ್ಲಿ ನರಕೋಶ. ನರಕೋಶದ ಮೈಮೇಲೆ ಪುಟ್ಟ ಪುಟ್ಟ ಬೀಗ — ಅದೇ ರಿಸೆಪ್ಟರು. ಮೆದುಳಲ್ಲಿ ಓಡಾಡೋ ಕೆಮಿಕಲ್ಲು ಕೀಲಿಕೈ. ಕೀಲಿ ಕೂತರೆ ನರಕೋಶ ಚುರುಕಾಗುತ್ತೆ, ಮೀನು ಹೆದರುತ್ತೆ. ನಾನು ಔಷಧಿ ಹಾಕಿ ಬೀಗದ ಬಾಯಿಗೆ ಮೇಣ ಮೆತ್ತುತೀನಿ. ಕೀಲಿ ಕೂರಲ್ಲ. ಮೀನು ಹೆದರಬಾರದು.

"ಹೆದರ್ತೋ ಇಲ್ವೋ ಹೆಂಗೆ ಗೊತ್ತಾಗುತ್ತೆ? ಬೆವರುತ್ತಾ?"

"ಹೊಸ ತೊಟ್ಟಿಗೆ ಬಿಟ್ರೆ ಹೆದರಿದ ಮೀನು ತಳ ಹಿಡಿದು ನಿಲ್ಲುತ್ತೆ. ಧೈರ್ಯ ಬಂದ ಮೇಲೆ ಮೇಲಕ್ಕೆ ಬಂದು ಓಡಾಡುತ್ತೆ. ಔಷಧಿ ಕೊಟ್ಟದ್ದು ಬೇಗ ಮೇಲೆ ಬರುತ್ತೆ. ಬರೀ ನೀರಿನದ್ದು ತಳದಲ್ಲೇ."

"ಆಡಿಟ್ ದಿವಸ ನಾನೂ ತಳವೇ. ಒಂದ್ ಬಾಟ್ಲು ತಂದ್ಕೊಡು."

ನಗು ಬಂತು. ಮೊದಲ ಎರಡು ವರ್ಷ ನಗು ಬರ್ತಿರಲಿಲ್ಲ — ಔಷಧಿ ಮೀನೂ ಒಂದೇ, ನೀರಿನ ಮೀನೂ ಒಂದೇ, ಎರಡೂ ಆರಾಮಾಗಿ ಮೇಲೆ. ಈಗ ವ್ಯತ್ಯಾಸ ಬಂದಿದೆ. ಜನವರಿಯಲ್ಲಿ ನನ್ನ ರಿಜಿಸ್ಟ್ರೇಷನ್ ಅವಧಿ ಮುಗಿಯುತ್ತೆ. ಅಷ್ಟರಲ್ಲಿ ಥೀಸಿಸ್ ಕೊಡದಿದ್ದರೆ ಗುಬ್ಬಿ ಕಾಲೇಜಿನ ಮುಂದಿನ ವರ್ಷದ ಅತಿಥಿ ಉಪನ್ಯಾಸಕರಲ್ಲಿ ನಾನಿಲ್ಲ. ಪ್ರಿನ್ಸಿಪಾಲರು ನಗ್ತಾನೇ ಹೇಳಿದರು. "ಹತ್ತೊಂಬತ್ತು ವರ್ಷದ ಅತಿಥಿ ನೀವು ಮೇಡಂ. ನೆಂಟರೂ ಇಷ್ಟು ದಿನ ಇರಲ್ಲ."

ಸೆಪ್ಟೆಂಬರ್ 19, ಶುಕ್ರವಾರ

ಪೇಪರ್ ಆಕ್ಸೆಪ್ಟ್! ರೇಣುಕಾಪ್ರಸಾದ್ ಸಾರ್ ಮೈಸೂರ್ ಪಾಕ್ ಹಂಚಿದರು. ಗೈಡು ಅಂದರೆ ದಾರಿ ತೋರಿಸೋನು. ಇವರು ನಾಲ್ಕು ವರ್ಷದಲ್ಲಿ ತೋರಿಸಿದ್ದು ಯಡಿಯೂರಿನ ದಾರಿ ಒಂದೇ. ಹೋದ ವರ್ಷ ರಿಸಲ್ಟು ಬರದೆ ಕೂತಿದ್ದಾಗ ಹೋಗಿ ಹರಕೆ ಹೊತ್ತು ಬಂದರು. ಸಿದ್ಧಲಿಂಗೇಶ್ವರನ ಫೋಟೊ ಲ್ಯಾಬಿನ ಹಲಗೆ ಮೇಲೆ ಬಂತು. ಅವತ್ತಿಂದ ದಿನಾ ಬೆಳಿಗ್ಗೆ ಊದುಬತ್ತಿ. ತಿಂಗಳೊಳಗೆ ರಿಸಲ್ಟು.

"ನೋಡಮ್ಮ ಗಂಗಾಂಬಿಕೆ. ವಿಜ್ಞಾನ ಎಲ್ಲಿ ನಿಲ್ಲುತ್ತೋ ಅಲ್ಲಿಂದ ಅವನು ಶುರು."

ಹೇಳ್ತಾ ಬಾಯಿಂದ ಮೈಸೂರ್ ಪಾಕಿನ ಪುಡಿ ನನ್ನ ಕನ್ನಡಕದ ಮೇಲೆ. ಒರೆಸಿದೆ. ತುಪ್ಪ. ಎರಡು ಸಲ ಒರೆಸಿದೆ.

ಇನ್ಮೇಲೆ ಎರಡರ ಬದಲು ಮೂರು ಬತ್ತಿ ಹಚ್ಚುತಾರಂತೆ.

ಗೈಡು ಸಾರು ಮೆಟ್ಟಿಲು ಹತ್ತಿ
ಹಚ್ಚಿ ಬಂದರು ಊದುಬತ್ತಿ.

ಸೆಪ್ಟೆಂಬರ್ 24, ಬುಧವಾರ

ಮಾನಸಾ ಕೆಲಸ ಶುರು ಮಾಡಿದಳು. ಹೊಸ ಹುಡುಗಿ, ಫೆಲೋಶಿಪ್ ಬಂದಿದೆ, ಕುಣಿಗಲ್ಲಿಂದ ದಿನಾ ಬರ್ತಾಳೆ. ನನ್ನ ಪೇಪರು ಎಲ್ಲಿ ನಿಲ್ಲುತ್ತೋ ಅಲ್ಲಿಂದ ಅವಳ ಪಿಎಚ್‌ಡಿ ಶುರು. ನನ್ನ ಮೀನು ಯಾಕೆ ಹೆದರಲ್ಲ ಅಂತ ಅವಳು ಮೆದುಳೊಳಗೆ ನೋಡಬೇಕು. ಹಬೆನ್ಯುಲಾ ಅಂತ ಒಂದು ಚುಕ್ಕಿಯಷ್ಟು ಜಾಗ, ಭಯದ ಕಟ್ಟೆ. ಅಲ್ಲಿ ಕೆಲಸ ಮಾಡಿದ ನರಕೋಶಗಳು ಬಣ್ಣ ಹಾಕಿದರೆ ಹಸಿರಾಗಿ ಹೊಳೆಯುತ್ತವೆ. ಹೆದರಿದ ಮೀನಲ್ಲಿ ಹೆಚ್ಚು, ಔಷಧಿ ಮೀನಲ್ಲಿ ಕಮ್ಮಿ ಇರಬೇಕು. ಲೆಕ್ಕ ಸರಿ.

ಆದರೆ ನೋಡೋಕೆ ತಲೆ ಬೇಕು. ಐಸ್ ನೀರು, ಬ್ಲೇಡು. ತಲೆ ಬೆಂಗಳೂರಿನ ಲ್ಯಾಬಿಗೆ, ಚಿತ್ರ ತೆಗೆಸೋಕೆ.

ಮೊದಲ ಮೀನಿಗೆ ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ಮೂರನೆಯದಕ್ಕೆ ಇಲ್ಲ. ಅದೇ ನನಗೆ ಅಸಹ್ಯ ಅನ್ನಿಸಿದ್ದು. ಎಷ್ಟು ಬೇಗ ಕಲಿತೀವಿ.

"ನಿಮ್ ಡೇಟಾ ಅಷ್ಟು ಕ್ಲೀನಾಗಿದೆ ಮೇಡಂ, ಅದಕ್ಕೇ ಧೈರ್ಯ. ಇಲ್ದಿದ್ರೆ ಪಾಪ, ಸುಮ್ಮಸುಮ್ನೆ ಹೆಂಗ್ ಕತ್ತರಿಸೋದು?"

ತಲೆ ಪ್ಯಾಕೆಟ್ಟಿಗೆ,
ಮೈ ಬಕೆಟ್ಟಿಗೆ.

ಬಕೆಟ್ಟಿಗೆ ಇರುವೆ ಮುತ್ತಿತ್ತು. ಊಟ ಸೇರಲಿಲ್ಲ.

ಅಕ್ಟೋಬರ್ 13, ಸೋಮವಾರ

ದಸರಾ ಮುಗಿಸಿ ಸಾರ್ ಮೈಸೂರಿಗೆ, ರಿಫ್ರೆಶರ್ ಕೋರ್ಸು. ದೀಪಾವಳಿವರೆಗೂ ಬರಲ್ಲ. ಲ್ಯಾಬಲ್ಲಿ ನಾನು, ಮಾನಸಾ, ಅಟೆಂಡರ್ ಅಡವಿಯಪ್ಪ. ಎಷ್ಟು ನೆಮ್ಮದಿ! ನಾಲ್ಕನೇ ಅಧ್ಯಾಯಕ್ಕೆ ಕೊನೇ ಬ್ಯಾಚು ಮುಗಿಸೋಣ ಅಂತ ಹೊರಟೆ.

ನೀರಿನ ಮೀನು ಬಿಟ್ಟೆ. ಒಂದು ಗಳಿಗೆ ತಳ ಹಿಡೀತು. ಆಮೇಲೆ ಸೀದಾ ಮೇಲೆ. ಓಡಾಟ. ಔಷಧಿ ಮೀನಿನ ಹಾಗೇ.

ಇನ್ನೊಂದು ಬಿಟ್ಟೆ. ಮೇಲೆ. ಇನ್ನೊಂದು. ಮೇಲೆ.

ಏನೋ ತಪ್ಪು ಮಾಡಿದೀನಿ.

ಅಕ್ಟೋಬರ್ 16, ಗುರುವಾರ

ತಪ್ಪು ಸಿಕ್ತಿಲ್ಲ. ನೀರು ಅದೇ, ಮೀನು ಅದೇ, ಬಿಸಿ ಅದೇ. ಎರಡು ಗುಂಪಿಗೂ ವ್ಯತ್ಯಾಸ ಇಲ್ಲ. ಮೊದಲ ಎರಡು ವರ್ಷದ ಹಾಗೇ.

ಅಡವಿಯಪ್ಪ ಪೊರಕೆ ಹಿಡ್ಕೊಂಡು ನಿಂತು ನೋಡ್ದ. "ಸಾರ್ ಇಲ್ಲ ಅಂತ ಮೀನ್ಗೂ ಗೊತ್ತಾಗದೆ ಮೇಡಮ್ಮೋರೆ. ನಾವ್ ಹೆಂಗ್ ಆರಾಮಾಗಿದೀವೋ ಅವೂ ಅಂಗೆಯ."

ನಕ್ಕೆ. ನೀರಿನ ಬಿಸಿ ಇನ್ನೊಂದ್ಸಲ ಅಳೆದೆ.

ಅಕ್ಟೋಬರ್ 28, ಮಂಗಳವಾರ

ಸಾರ್ ಬಂದರು. ಬಂದು ನಾಲ್ಕು ದಿನ ಆಯ್ತು. ಇವತ್ತು ಬ್ಯಾಚ್ ಮಾಡಿದೆ. ನೀರಿನ ಮೀನು ತಳ. ಔಷಧಿ ಮೀನು ಮೇಲೆ. ಎಂದಿನ ವ್ಯತ್ಯಾಸ, ಎಂದಿಗಿಂತ ಚೆಂದ.

"ನಾನಿಲ್ದಿದ್ರೆ ಆಗಲ್ಲ ನೋಡು" ಅಂದರು. ಕಾರಿನ ಕೀಯಿಂದ ಕಿವಿ ಕೆರೆದು, ಬಂದದ್ದನ್ನ ನೋಡಿ, ಕಿಟಕಿ ಪರದೆಗೆ ಒರೆಸಿದರು. ಆ ಪರದೆ ತೊಳೆಯೋದು ನಾನು.

ಅಕ್ಟೋಬರ್ 29, ಬುಧವಾರ. ಬೆಳಿಗ್ಗೆ, ಲ್ಯಾಬಲ್ಲೇ

ಇವತ್ತು ಗುಬ್ಬಿ ಇಲ್ಲ. ಬೇಗ ಬಂದೆ. ನೀರಿನ ತೊಟ್ಟಿ ಮೇಲೆ ಬಗ್ಗಿ ಸತ್ತದ್ದೇನಾದ್ರೂ ಇದೆಯಾ ನೋಡ್ತಿದ್ದೆ. ಗುಳ್ಳೆ ಮೂಗಿನ ಹತ್ತಿರವೇ ಒಡೀತು. ಮಲ್ಲಿಗೆ.

ಮೀನಿನ ತೊಟ್ಟೀಲಿ ಮಲ್ಲಿಗೆ ವಾಸನೆ!

ಮತ್ತೆ ಬಗ್ಗಿದೆ. ಒಂದೊಂದು ಗುಳ್ಳೆ ಒಡೆದಾಗಲೂ ಊದುಬತ್ತಿ. ತಲೆ ಎತ್ತಿದೆ. ಹಲಗೆ. ಹಲಗೆ ಮೇಲೆ ಸಿದ್ಧಲಿಂಗೇಶ್ವರ. ಮುಂದೆ ಮೂರು ಬತ್ತಿ. ಪಕ್ಕದಲ್ಲೇ, ಗೇಣು ದೂರವೂ ಇಲ್ಲ, ಗಾಳಿ ಪಂಪು. ಹೊಗೆ ನೂಲಿನ ಹಾಗೆ ಸೀದಾ ಪಂಪಿನ ಬಾಯೊಳಗೆ.

ಕರೆಂಟು ಹೋದಾಗ ನೀರು ವಾಪಸ್ ನುಗ್ಗಬಾರದು ಅಂತ ಪಂಪು ತೊಟ್ಟಿಗಿಂತ ಮೇಲಿರಬೇಕು. ದೇವರೂ ಮೇಲಿರಬೇಕು. ಆ ಗೋಡೇಲಿ ಹಲಗೆ ಇರೋದು ಒಂದೇ.

ಔಷಧಿ ತೊಟ್ಟಿ ಆಚೆ ಕಿಟಕಿ ಪಕ್ಕ. ಬೆರಕೆ ಆಗಬಾರದು ಅಂತ ಸಾರೇ ದೂರ ಇಡಿಸಿದ್ದು. ಅದರ ಪಂಪು ಬೀರು ಮೇಲೆ, ಕಿಟಕಿ ಗಾಳಿಗೆ.

ಒಂದು ಕಡೆ ಮೀನು ದಿನಾ ಬೆಳಿಗ್ಗೆ ಹೊಗೆ ಕುಡೀತಿದೆ. ಇನ್ನೊಂದು ಕಡೆ ಇಲ್ಲ. ಸಾರ್ ಮೈಸೂರಲ್ಲಿದ್ದಾಗ ಬತ್ತಿ ಹಚ್ಚೋರೇ ಇರಲಿಲ್ಲ. ನಾನು ಅದನ್ನ ರಿಸೆಪ್ಟರ್ ಅಂತ ಬರೆದೆ. ಪೇಪರಾಯ್ತು. ಮೈಸೂರ್ ಪಾಕ್ ಆಯ್ತು.

ವಾಂತಿ ಆಯ್ತು. ನಿಜವಾಗಿ. ಸಿಂಕಲ್ಲಿ.

ಅಕ್ಟೋಬರ್ 31, ಶುಕ್ರವಾರ

ಎರಡು ದಿನ ಪಂಪನ್ನ ಕಾರಿಡಾರಿಗೆ ಒಯ್ದು ಪೈಪು ಉದ್ದ ಮಾಡಿದೆ. ಸಾರಿಗೆ ಸದ್ದು ಜಾಸ್ತಿ ಬರ್ತಿದೆ ಅಂದೆ. ಬತ್ತಿ ಎಂದಿನಂತೆ ಉರೀತು.

ನೀರಿನ ಮೀನು ಮೇಲೆ. ಎಲ್ಲವೂ.

ದೇವರ ಮೇಲೆ ಸಿಟ್ಟಿಲ್ಲ. ಅವನೇನು ಹೊಗೆ ಕೇಳಿದನಾ? ಹೋದ ವರ್ಷದಿಂದ ದಿನಾ ಆ ಹಲಗೆ ಕೆಳಗೆ ಬಗ್ಗಿದೀನಿ. ಮೂಗು ನನ್ನದೇ. ವಾಸನೆ ಬಂದಾಗೆಲ್ಲ ಪೂಜೆ ಆಯ್ತು ಅಂದ್ಕೊಂಡೆ. ನೀರಿಂದ ಬರ್ತಿದೆ ಅಂದ್ಕೊಳ್ಳಲಿಲ್ಲ.

ನವೆಂಬರ್ 4, ಮಂಗಳವಾರ

ಹೇಳಿದೆ.

"ದೇವ್ರುನ್ನ ಅನುಮಾನಿಸ್ತೀಯೇನಮ್ಮ?"

"ದೇವ್ರುನ್ನಲ್ಲ ಸಾರ್. ಪಂಪನ್ನ."

ಸಾರ್ ಕುರ್ಚಿ ಹಿಂದಕ್ಕೆ ತಳ್ಳಿದರು. ಎದ್ದು ಬಾಗಿಲು ಹಾಕಿದರು. ಹಲಗೆ ನೋಡಿದರು. ಅರ್ಥ ಆಯ್ತು ಅವರಿಗೆ. ದಡ್ಡರಲ್ಲ. ಅರ್ಥ ಆಗದಿದ್ದಿದ್ರೆ ಕ್ಷಮಿಸಬಹುದಿತ್ತು.

"ಪೇಪರ್ ಆಕ್ಸೆಪ್ಟ್ ಆಗಿದೆ."

"ವಾಪಸ್ ತಗೋಬೇಕಾಗುತ್ತೆ ಸಾರ್."

"ವಾಪಸ್ ತಗೊಳಕ್ಕೆ ಅದೇನು ಪಕ್ಕದ್ಮನೆಗೆ ಕೊಟ್ಟ ಪಾತ್ರೆನಾ?" ಕೂತರು. ಸ್ವರ ಮೆತ್ತಗೆ. "ನಿನ್ ರಿಜಿಸ್ಟ್ರೇಷನ್ ಯಾವಾಗ ಮುಗಿಯುತ್ತೆ?"

"ಜನವರಿ."

"ಎಕ್ಸ್‌ಟೆನ್ಷನ್‌ಗೆ ಯಾರ ಸಹಿ ಬೇಕು?"

"ನಿಮ್ದು."

"ಮತ್ತೆ?"

ಆ 'ಮತ್ತೆ'ಗೆ ಪ್ರಾಸ ಹುಡುಕಿದೆ. ಕತ್ತೆ ಬಿಟ್ಟು ಬೇರೇನೂ ಸಿಗಲಿಲ್ಲ. ಕತ್ತೆ ಯಾರು ಅನ್ನೋದು ಖಚಿತ ಇಲ್ಲದೆ ಬಿಟ್ಟೆ.

ನವೆಂಬರ್ 14, ಶುಕ್ರವಾರ

ಕೊಲೋಕ್ವಿಯಂ. ಥೀಸಿಸ್ ಕೊಡೋ ಮುಂಚೆ ಕಮಿಟಿ ಮುಂದೆ ಎಲ್ಲ ಹೇಳಬೇಕು. ಬೆಂಗಳೂರಿಂದ ವೆಂಕಟರಂಗಯ್ಯ ಸಾರ್ ಬಂದಿದ್ದರು, ನಿವೃತ್ತರು, ಕಿವಿ ಸ್ವಲ್ಪ ಮಂದ, ಕಣ್ಣು ಮಂದವಲ್ಲ.

ಎಲ್ಲ ಸ್ಲೈಡು ತೋರಿಸಿದೆ. ಕೊನೆಗೆ ಸಾರಿಗೆ ಹೇಳದೆ ಸೇರಿಸಿದ್ದ ಒಂದು. ಹೊಗೆ ಇದ್ದಾಗ ನೀರಿನ ಮೀನು, ಹೊಗೆ ಇಲ್ಲದಾಗ ನೀರಿನ ಮೀನು. ಇಂಗ್ಲಿಷಲ್ಲಿ ಶುರು ಮಾಡಿ ಕನ್ನಡಕ್ಕೆ ಜಾರಿದೆ. "ಸಾರ್, ಊದುಬತ್ತಿ ಹೊಗೆ ಪಂಪಲ್ಲಿ ಹೋಗ್ತಿತ್ತು."

ಆಗ ರೇಣುಕಾಪ್ರಸಾದ್ ಸಾರ್ ಎದ್ದರು. ನಗ್ತಾ! "ಇದೇ ನೋಡಿ ಸಾರ್ ನಮ್ ಡಿಸೈನು. ವಿದೇಶದವರು ಮೀನನ್ನ ಹೆದರಿಸಕ್ಕೆ ಏನೇನೋ ಕೆಮಿಕಲ್ ಹಾಕ್ತಾರೆ. ನಾವು ನಮ್ ಮನೆಗಳಲ್ಲಿ ದಿನಾ ಇರೋ ಹೊಗೆ ತಗೊಂಡ್ವಿ. ಎರಡೂ ತೊಟ್ಟಿಗೂ ಹೊಗೆ ಹೋಗ್ತಿತ್ತು. ರಿಸೆಪ್ಟರ್ ಸರಿ ಇರೋ ಮೀನು ಹೆದರ್ತು. ರಿಸೆಪ್ಟರ್ ಮುಚ್ಚಿದ ಮೀನು ಹೆದರ್ಲಿಲ್ಲ. ಹುಡುಗಿ ಸಂಕೋಚದಿಂದ ಹೇಳಕ್ಕೆ ಬರ್ತಿಲ್ಲ ಅಷ್ಟೆ."

ಎರಡೂ ತೊಟ್ಟಿಗೂ. ಒಂದೇ ಒಂದು ಸುಳ್ಳು ವಾಕ್ಯ. ಅದರಿಂದ ನನ್ನ ತಪ್ಪು ಸಂಶೋಧನೆ ಆಯ್ತು.

ವೆಂಕಟರಂಗಯ್ಯ ಸಾರ್ ಕೈ ಕಿವಿಗೆ ಕೊಟ್ಟು ಕೇಳಿ, ನನ್ನ ಕಡೆ ತಿರುಗಿದರು. "ಹೌದೇನಮ್ಮ? ಎರಡಕ್ಕೂ?"

ಬಾಯಿ ತೆರೆದೆ. ಮುಚ್ಚಿದೆ. ತೆರೆದೆ. ಗಾಜಿನಾಚೆ ಮೀನು ಹೀಗೇ ಕಾಣುತ್ತೆ.

"ಭಾಳ ಇಂಟರೆಸ್ಟಿಂಗ್" ಅಂತ ಬರ್ಕೊಂಡರು.

ಮುಗಿದ ಮೇಲೆ ಚೌಚೌ ಬಾತು, ಉದ್ದಿನ ವಡೆ. ವಡೆ ಹಿಂಡಿದರೆ ಒಂದು ಸ್ಕೂಟರ್ ಓಡಿಸೋಷ್ಟು ಎಣ್ಣೆ. ಎಲ್ಲರೂ ಕೈ ಕುಲುಕಿದರು. ಕೈಗೆಲ್ಲ ಎಣ್ಣೆ. ಸಾರ್ ಕಿವಿ ಹತ್ತಿರ ಬಂದು ಉಸುರಿದರು. "ಗಂಡಾಂತರ ತಂದಿದ್ದೆ ನೀನು. ನಾನು ಉಳಿಸ್ದೆ ನೋಡು."

ನಿಜ ಬರೀಬೇಕು ಇಲ್ಲಿ — ಹಾಯೆನಿಸ್ತು. ಆ ಹಾಯೆನಿಸಿದ್ದೇ ಎಲ್ಲಕ್ಕಿಂತ ಅಸಹ್ಯ.

ನವೆಂಬರ್ 24, ಸೋಮವಾರ

ಹತ್ತು ದಿನ ಬರೀಲಿಲ್ಲ. ಬರೆದರೆ ಓದಬೇಕಾಗುತ್ತೆ.

ಒಂದು ಆಸೆ ಹುಟ್ಟಿತ್ತು. ಸಾರ್ ಹೇಳಿದ್ದು ಸುಳ್ಳು ಸರಿ. ಆದರೆ ಅಕಸ್ಮಾತ್ ನಿಜವೂ ಆಗಿಬಿಟ್ಟರೆ? ಔಷಧಿ ಮೀನಿಗೂ ಹೊಗೆ ಕೊಟ್ಟು ನೋಡಿದರೆ? ಆಗಲೂ ಹೆದರದಿದ್ದರೆ ರಿಸೆಪ್ಟರೇ ಹೊಗೆಯ ಭಯದ ಬೀಗ. ಆಗ ನನ್ನ ಥೀಸಿಸ್ ಕೊಳಕು ಕೈಯಲ್ಲಿ ಸಿಕ್ಕ ಒಳ್ಳೇ ಹಣ್ಣು. ತೊಳ್ಕೊಂಡು ತಿನ್ನಬಹುದು.

ಮಾನಸಾಗೆ ಎಲ್ಲ ಹೇಳಿದೆ. ಮೊದಲಿಂದ. ಅವಳು ಕೇಳ್ತಾ ಕೇಳ್ತಾ ಕೈಲಿದ್ದ ಬಲೆ ಕೆಳಗಿಟ್ಟಳು. ಇಬ್ಬರೂ ಸೇರಿ ಎರಡೂ ಪಂಪು ಒಂದೇ ಹಲಗೆ ಮೇಲಿಟ್ಟು, ಬತ್ತಿ ಹಚ್ಚಿ ಕಾದೆವು. ಇಷ್ಟು ಭಕ್ತಿಯಿಂದ ನಾನು ಎಂದೂ ಊದುಬತ್ತಿ ಹಚ್ಚಿದ್ದಿಲ್ಲ.

ಔಷಧಿ ಮೀನು ಬಿಟ್ಟೆವು.

ತಳ. ಎಲ್ಲವೂ ತಳ. ನೀರಿನ ಮೀನಿನ ಪಕ್ಕ ಪಕ್ಕವೇ, ಒಂದೇ ಮದುವೆಗೆ ಬಂದವರ ಹಾಗೆ.

ಔಷಧಿ ಏನೂ ಮಾಡಿಲ್ಲ. ಮೊದಲ ಎರಡು ವರ್ಷ ಮೀನು ಇದನ್ನೇ ಹೇಳ್ತಿತ್ತು.

ತಳ ಹಿಡಿದ ಮೀನು,
ತಲೆ ಹಿಡಿದ ನಾನು.

"ಹಂಗಾದ್ರೆ ನಾನು ಇಷ್ಟು ದಿನ ಕತ್ತರಿಸಿದ್ದು ಮೇಡಂ?" ಅಂದಳು ಮಾನಸಾ. ಬಕೆಟ್ಟು ತೊಳೆದಿಟ್ಟೆ.

ಡಿಸೆಂಬರ್ 3, ಬುಧವಾರ

ಮಾನಸಾ ಬೆಂಗಳೂರಿಂದ ಬಂದಳು. ಲ್ಯಾಪ್‌ಟಾಪಲ್ಲಿ ಮೆದುಳಿನ ಚಿತ್ರ. ಕಪ್ಪು ಹಿನ್ನೆಲೆ, ಹಬೆನ್ಯುಲಾದಲ್ಲಿ ಹಸಿರು ಚುಕ್ಕಿ. ಎಡಕ್ಕೆ ನೀರಿನ ಮೀನು, ಬಲಕ್ಕೆ ಔಷಧಿ ಮೀನು, ಎರಡೂ ಹೊಗೆ ಇಲ್ಲದ ದಿನಗಳದ್ದು.

ಒಂದೇ. ಹೆಸರು ಮುಚ್ಚಿದರೆ ಯಾವುದು ಯಾವುದು ಅಂತ ಹೆತ್ತ ತಾಯಿಗೂ ಗೊತ್ತಾಗಲ್ಲ. ನರಕೋಶಕ್ಕೂ ಗೊತ್ತಿಲ್ಲ ನಾವು ಔಷಧಿ ಹಾಕಿದ್ದು.

ಇಬ್ಬರೂ ಸಾರ್ ರೂಮಿಗೆ ಹೋದೆವು. ಹೊಗೆಯ ಪರೀಕ್ಷೆ, ಚಿತ್ರ, ಎರಡೂ ತೋರಿಸಿದೆವು.

"ಅದು ಬರೀ ಪೈಲಟ್ಟು, ಟ್ರಯಲ್ಲು" ಅಂದರು ಮೊದಲನೆಯದಕ್ಕೆ. "ಬಿಟ್ಬುಡು."

ಎರಡನೆಯದಕ್ಕೆ ಮಾನಸಾ ಕಡೆ ತಿರುಗಿದರು. "ಇನ್ನೊಂದ್ಸಲ ಎಣಿಸಮ್ಮ."

"ಮೂರು ಸಲ ಎಣಿಸಿದೀನಿ ಸಾರ್."

"ಸರಿಯಾಗಿ ಬರೋವರೆಗೂ ಎಣಿಸು. ಇನ್ನೂ ಹತ್ತು ಹದಿನೈದು ತಲೆ ಮಾಡು. ಮೀನಿಗೇನು ಬರ ಬಂದಿದ್ಯಾ?"

ಹೊರಗೆ ಕಾರಿಡಾರಲ್ಲಿ ಅವಳು ಅಳಲಿಲ್ಲ. ಕೈ ಮೂಸಿ ನೋಡ್ಕೊಂಡಳು. "ಎಷ್ಟ್ ಸೋಪ್ ಹಾಕಿದ್ರೂ ಹೋಗಲ್ಲ ಅಲ್ವಾ ಮೇಡಂ ಇದು?"

ಹೋಗಲ್ಲ.

ಡಿಸೆಂಬರ್ 22, ಸೋಮವಾರ

ಗುಬ್ಬಿ ಮುಗಿಸಿ ಲ್ಯಾಬಿಗೆ ಬಂದರೆ ಹಲಗೆ ಬೇರೆ ಥರ ಕಾಣ್ತು. ಎರಡೂ ಪಂಪು ಒಟ್ಟಿಗೆ ಹಲಗೆ ಮೇಲೆ, ಜೋಡೆತ್ತಿನ ಹಾಗೆ. ಮಧ್ಯ ಒಂದು ಹೊಸ ಗಾಜಿನ ಬಟ್ಟಲಲ್ಲಿ ಊದುಬತ್ತಿ. ಫೋಟೊಗ್ರಾಫರ್ ಬಂದು ಹೋದನಂತೆ. ನನ್ನ ಥೀಸಿಸ್ಸಿನ 'ವಿಧಾನ' ಅಧ್ಯಾಯಕ್ಕೆ ಚಿತ್ರ. ಮೊದಲಿಂದ ಹೀಗೇ ಇತ್ತು ಅನ್ನೋದಕ್ಕೆ.

"ದೇವರ ಫೋಟೊ ಎಲ್ಲಿ ಅಡವಿಯಪ್ಪ?"

ಅವನು ದನಿ ತಗ್ಗಿಸ್ದ. "ಎತ್ತಿಸ್ಬುಟ್ರು ಮೇಡಮ್ಮೋರೆ. ಚಿತ್ರಕ್ಕೆ ಅಡ್ಡ ಬತ್ತದಂತೆ. ಫಾರಿನ್ನೋರು ನೋಡಿದ್ರೆ ನಗ್ತಾರಂತೆ."

"ಎಲ್ಲಿದೆ?"

ಬೀರುವಿನ ಹಿಂದೆ ತೋರಿಸ್ದ. ಗೋಡೆಗೆ ಮುಖ ಮಾಡ್ಕೊಂಡು, ಮುರಿದ ಸ್ಟೂಲಿನ ಜೊತೆ. ಜೇಡರ ಬಲೆ. ಸತ್ತ ಜಿರಲೆ ಒಂದು.

ಹರಕೆ ಹೊತ್ತು ತಂದವರು ಅವರೇ. ವಿಜ್ಞಾನ ನಿಂತಲ್ಲಿ ಅವನು ಶುರು ಅಂದವರೂ ಅವರೇ. ಫೋಟೊ ಒರೆಸಿ ಚೀಲದಲ್ಲಿಟ್ಕೊಂಡು ಮನೆಗೆ ತಂದೆ. ನಾನು ಅಂಥಾ ಭಕ್ತೆಯೇನಲ್ಲ. ಆದರೂ ಬಸ್ಸಲ್ಲಿ ಉದ್ದಕ್ಕೂ ಹೊಟ್ಟೆ ಉರೀತು.

ಅತ್ತೆ ಕೇಳಿದರು, ಯಾವುದೇ ಈ ಫೋಟೊ. ಹೇಳಬೇಕಾಯ್ತು. ಮೀನು, ಹೊಗೆ, ಪಂಪು, ಎಲ್ಲ. ಅರ್ಥ ಆಗಲ್ಲ ಅಂದ್ಕೊಂಡಿದ್ದೆ. ಸೊಪ್ಪು ಬಿಡಿಸ್ತಾ ಕೇಳಿದರು.

"ಅಂದ್ರೆ ಹೊಗೆ ಹೋಗ್ದೆ ಇರೋ ತೊಟ್ಟಿಗೆ ಹೋಯ್ತು ಅಂತ ನೀನು ಬರ್ಕೊಡ್ಬೇಕು."

"ಹೂಂ."

"ಬರ್ಕೊಟ್ರೆ ಕೆಲ್ಸ ಉಳೀತದೆ."

"ಹೂಂ."

ಸೊಪ್ಪಿನ ಕಡ್ಡಿ ಮುರಿದರು. "ಅವ್ನು ದೇವ್ರುನ್ನ ಸುಳ್ಳು ಸಾಕ್ಷಿಗೆ ಕರ್ಕೊಂಡ್ ಬಂದ. ಸಾಕ್ಷಿ ಬ್ಯಾಡ ಅನ್ನಿಸ್ದಾಗ ಬೀರು ಹಿಂದಕ್ಕೆ ಎಸ್ದ. ನಾಳೆ ನಿನ್ನೂ ಅಂಗೇ ಎಸೀತಾನೆ ಕಣೇ. ಹೋಗು, ಬಚ್ಚಲಿಗೆ ಹೋಗು. ಇವತ್ತು ನೀನು ಮೀನಿಗಿಂತ ನಾರ್ತಿದೀಯ."

ಜನವರಿ 5, ಸೋಮವಾರ

ಹನ್ನೆರಡನೇ ತಾರೀಕು ಥೀಸಿಸ್ ಕೊಡಬೇಕು. ಶುಕ್ರವಾರದೊಳಗೆ ಅಂತಿಮ ಪ್ರತಿ ಕಮಿಟಿಗೆ ಇಮೇಲು. ಸಾರ್ ವಾಟ್ಸಾಪಲ್ಲಿ ಆ ವಾಕ್ಯ ಕಳಿಸಿದಾರೆ. ಇಂಗ್ಲಿಷು ಚೆನ್ನಾಗಿದೆ. ಎರಡೂ ಗುಂಪಿನ ಮೀನಿಗೂ ದಿನನಿತ್ಯ ಸಮ ಪ್ರಮಾಣದ ಹೊಗೆ. ಕೊನೆಗೆ ಕೈ ಮುಗಿದ ಚಿಹ್ನೆ.

ಮನೇಲಿ ಇವರ ಹತ್ತಿರ ಮಾತಾಡಿದೆ.

"ಬರೀದಿದ್ರೆ?"

"ಗೈಡು ಸಹಿ ಮಾಡಲ್ಲ. ಥೀಸಿಸ್ ಇಲ್ಲ. ಗುಬ್ಬಿ ಇಲ್ಲ."

"ಬರುದ್ರೆ?"

"ಡಾಕ್ಟರ್ ಗಂಗಾಂಬಿಕೆ."

ಬೆರಳು ಮಡಚಿ ಏನೋ ಎಣಿಸಿದರು. ಬ್ಯಾಂಕಿನವರು, ಕೂಡಿ ಕಳೆದು ನೋಡೋ ಅಭ್ಯಾಸ. ಆಮೇಲೆ "ಡಾಕ್ಟ್ರು ಅಂತ ಬೋರ್ಡ್ ಹಾಕಿದ್ರೆ ಬೀದಿ ಜನ ಕೆಮ್ಮು ಅಂತ ಬರ್ತಾರೆ, ತಲೆನೋವು" ಅಂದರು. ಅಷ್ಟೇ. ಅವರ ಕಡೆಯ ತೀರ್ಪು ಅದು, ನನಗೆ ಗೊತ್ತು. ಆದರೂ ಬಾಯಿಬಿಟ್ಟು ಬೇಡ ಅನ್ನಲಿಲ್ಲ. ನಾಳೆ ಬೈಯ್ಯೋಕೆ ಒಂದು ಬಾಗಿಲು ಬಿಟ್ಕೊಂಡರು. ಜಾಣರು.

ಜನವರಿ 9, ಶುಕ್ರವಾರ. ಗುಬ್ಬಿ, ಸ್ಟಾಫ್ ರೂಮು, ಬೆಳಿಗ್ಗೆ

ಕಳಿಸಿದೆ. ವೆಂಕಟರಂಗಯ್ಯ ಸಾರಿಗೆ, ಕಮಿಟಿಗೆ, ಪೇಪರ್ ಹಾಕಿದ ಜರ್ನಲ್ಲಿಗೆ. ರೇಣುಕಾಪ್ರಸಾದ್ ಸಾರಿಗೂ.

ಮೊದಲು ಕನ್ನಡದಲ್ಲಿ ಬರ್ಕೊಂಡೆ. ಕನ್ನಡ ಮೀಡಿಯಂ, ಏನ್ ಮಾಡೋದು, ನಿಜ ಹೇಳೋದು ಇದರಲ್ಲೇ ಸಲೀಸು. "ಹೊಗೆ ಹಾಕಿದ್ದು ಪ್ರಯೋಗಕ್ಕಲ್ಲ. ಒಂದು ತೊಟ್ಟಿಗೆ ಮಾತ್ರ ಹೋಯಿತು. ಅದು ನಮಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಎರಡಕ್ಕೂ ಕೊಟ್ಟು ನೋಡಿದೆವು. ಔಷಧಿ ಕೊಟ್ಟ ಮೀನೂ ಹೆದರಿತು. ಈ ರಿಸೆಪ್ಟರಿನ ಬಗ್ಗೆ ನಾವು ಏನನ್ನೂ ಕಂಡುಹಿಡಿದಿಲ್ಲ." ಆಮೇಲೆ ಇಂಗ್ಲಿಷು. ಮಾನಸಾಳ ಚಿತ್ರ ಲಗತ್ತಿಸಿದೆ, ಅವಳನ್ನ ಕೇಳಿ. ಹಾಕಿ ಮೇಡಂ, ಅಂದಳು.

ಪ್ರಾಸ ಇಲ್ಲದ ಆರು ವಾಕ್ಯ. ನಾಲ್ಕು ವರ್ಷದಲ್ಲಿ ಬರೆದ ಒಳ್ಳೇ ಬರಹ ಇದೊಂದೇ ಇರಬೇಕು.

ಜಗ್ಗಿನ ನೀರು ಕುಡಿದೆ. ಪಾಚಿ ವಾಸನೆ. ಪರವಾಗಿಲ್ಲ.

ಫೋನು ಬಡ್ಕೊತಿದೆ. ಸಾರ್. ಎತ್ತಲಿಲ್ಲ. ಮತ್ತೆ ಸಾರ್. ಮತ್ತೆ. ಈಗ ನಿಂತಿದೆ. ನಿಂತದ್ದೇ ಸರಿ ಕಾಣ್ತಿಲ್ಲ.

ಅದೇ ದಿನ, ಸ್ವಲ್ಪ ಹೊತ್ತಿಗೆ

ಮಾನಸಾ ಫೋನು. ಉಸಿರು ಸಿಕ್ತಿಲ್ಲ ಅವಳಿಗೆ. "ಮೇಡಂ, ಸಾರ್ ಬಂದವ್ರೆ. ಎಲ್ಲ ತೊಟ್ಟಿ ಖಾಲಿ ಮಾಡಿಸ್ತಿದಾರೆ. ಸೋಂಕು ತಗಲಿದೆಯಂತೆ, ಎಲ್ಲ ಮೀನು ಬ್ಲೀಚಿಂಗ್ ನೀರಿಗೆ ಹಾಕು ಅಂತವ್ರೆ. ಅಡವಿಯಪ್ಪ ಆಗಲ್ಲ ಅಂತ ಪೊರಕೆ ಎಸ್ದು ಹೋದ್ರು. ಈಗ ನಂಗೆ ಹೇಳ್ತವ್ರೆ."

ಮೀನು ಹೋದರೆ ಯಾರು ಬಂದರೂ ಮತ್ತೆ ಮಾಡಿ ನೋಡೋಕೆ ಏನೂ ಉಳಿಯಲ್ಲ. ನನ್ನ ಮಾತು, ಅವರ ಮಾತು, ಅಷ್ಟೇ.

"ಬಲೆ ಮುಟ್ಬೇಡ. ಲ್ಯಾಬ್ ಬಾಗಿಲಿಗೆ ಅಡ್ಡ ನಿಂತ್ಕೋ. ವೆಂಕಟರಂಗಯ್ಯ ಸಾರಿಗೆ ಈಗ್ಲೇ ಫೋನ್ ಮಾಡಿ ಸ್ಪೀಕರಿಗೆ ಹಾಕು, ಜೋರಾಗಿ ಮಾತಾಡು, ಕಿವಿ ಮಂದ ಅವ್ರಿಗೆ" ಅಂದೆ. "ನೀವು?" ಅಂದಳು.

ಬೆಲ್ಲು ಹೊಡೀತು. ಎರಡನೇ ಪೀರಿಯಡ್ ನನ್ನದೇ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ವಾಚು ತೋರಿಸ್ತಿದಾರೆ. ನಿಂತ್ಕೊಳ್ಳಲಿ. ತುಮಕೂರಿನ ಬಸ್ಸು ಸರ್ಕಲ್ಲಿಗೆ ಬಂದಿರುತ್ತೆ, ಓಡಿದರೆ ಸಿಗುತ್ತೆ. ಹೊರಟೆ.